ಕೊಬ್ಬು

ರೊಟ್ಟಿ ಬಡಿಯುತ್ತಿದ್ದ ಅಂಬವ್ವನ ಮುಂಗೈಯನ್ನು ಅತ್ತೆ ಶರಣವ್ವ ಹಿಡಿದಳು. ನಿನ್ನೆ ಬಳೆ ಒಡೆದ ಜಾಗದಲ್ಲೇ ಬೆರಳುಗಳು ಬಿಗಿದವು. ಆರುತ್ತಿದ್ದ ಗಾಯ ಬಾಯಿಬಿಟ್ಟು ಒಂದು ಹನಿ ರಕ್ತ ಜೋಳದ ಹಿಟ್ಟಿನ ಮೇಲೆ ಬಿತ್ತು.

“ಎಷ್ಟು ಬಡದಿ?”

“ಮೂರು ಮಂದಿಗೆ ಬೇಕಾದಷ್ಟು, ಅತ್ತಿ.”

“ಮೂರು ಮಂದಿಗಲ್ಲ ಇದು. ಅವನ ಪಾಲಿಂದೂ ಬಡದಿ. ಇದ್ದಾಗ ಅವನ ಪಾಲು ತಿಂದಿ, ಮಣ್ಣಾಗ ಇಟ್ಟು ಬಂದ ಮ್ಯಾಲೂ ತಿನ್ನಾಕ ಕುಂತಿ.”

ಶರಣವ್ವ ಬುಟ್ಟಿಯಲ್ಲಿದ್ದ ಬಿಸಿ ರೊಟ್ಟಿ ಎತ್ತಿ ಬೀಸಿದಳು. ರೊಟ್ಟಿ ಗೋಡೆಗೆ ಬಡಿದು ನೆಲಕ್ಕೆ ಜಾರಿತು. ಅಂಬವ್ವ ರಕ್ತ ಬಿದ್ದ ಹಿಟ್ಟನ್ನು ಚಿವುಟಿ ಪಕ್ಕಕ್ಕಿಟ್ಟಳು. ಉಳಿದದ್ದನ್ನು ಮತ್ತೆ ನಾದಿದಳು.

ಮುಂಬೈಯ ಬೈಕುಲ್ಲಾದ ಆ ಚಾಳಿನಲ್ಲಿ ಬೆಳಗು ಎಂದಿನಂತೆಯೇ ಇತ್ತು. ನಿನ್ನೆ ನಳದ ಮುಂದೆ ಅವಳಿಗೆ ದಾರಿ ಬಿಟ್ಟಿದ್ದ ಹೆಂಗಸರು ಇಂದು ಬಿಟ್ಟಿರಲಿಲ್ಲ. ಅವಳ ಕೊಡವನ್ನು ಕಾಲಿನಿಂದ ಸರಿಸಿ ತಮ್ಮದನ್ನು ಇಟ್ಟಿದ್ದರು. ಲಿಂಗವಂತರಿಗೆ ಸೂತಕವಿಲ್ಲ ಎಂದು ಅಯ್ಯನವರು ಹೇಳಿ ಹೋಗಿದ್ದರಿಂದ ಸ್ಟೋವ್ ಉರಿಯುತ್ತಿತ್ತು.

ಮೈದುನ ದಾನಪ್ಪ ಬಾಗಿಲ ಬಳಿ ಕೂತು ಕ್ಯಾನ್ವಾಸ್ ಬೂಟು ಹಾಕಿಕೊಳ್ಳುತ್ತಿದ್ದ. ಬೂಟು ನಿನ್ನೆ ಮಣ್ಣಾದ ಅವನ ಅಣ್ಣ ಸಂಗಪ್ಪನದು. ಹಿಮ್ಮಡಿ ಒಳಗೆ ಹೋಗುತ್ತಿರಲಿಲ್ಲ. ನೆಲಕ್ಕೆ ಬಡಿದು ಬಡಿದು ತೂರಿಸುತ್ತಿದ್ದ.

“ನನಗ ರೊಟ್ಟಿ ಬ್ಯಾಡ ವೈನಿ,” ಎಂದ. “ನೀರೂ ಬ್ಯಾಡ. ಶನಿವಾರ ತೂಕ ಮಾಡ್ತಾರ.”

ಅಂಬವ್ವನ ಕೈ ನಿಂತಿತು.

“ಯಾರು ಹೇಳಿದ್ರು?”

“ಕಂಪನಿ ಜಯಸಿಂಹ ಸಾಹೇಬ್ರು. ಶನಿವಾರ ಅಣ್ಣನ ತೂಕಕ್ಕ ಇಳದ್ರ ಅಣ್ಣನ ನೌಕರಿ ನನಗ ಕೊಡ್ತಾರಂತ. ಈ ಖೋಲಿನೂ ಬಿಡಬೇಕಾಗಿಲ್ಲಂತ.”

“ಇಳೀತಿಯೇನು?”

“ಅಣ್ಣ ಇಳದಿದ್ದಿಲ್ಲೇನು?”

“ದಾನಪ್ಪ ಶಾಣ್ಯಾ ಅದಾನ,” ಎಂದಳು ಶರಣವ್ವ. “ನೀ ನಡುವ ಬಾಯಿ ಹಾಕಬ್ಯಾಡ.”

*

ನಿನ್ನೆ ಬೆಳಿಗ್ಗೆ ಆಸ್ಪತ್ರೆಯಿಂದ ತಂದಾಗ ಸಂಗಪ್ಪನ ದೇಹ ಹಲಗೆಯಂತೆ ಸೆಟೆದಿತ್ತು. ಅವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಉಸಿರು ನಿಂತ ಕೂಡಲೇ ಕಾಲು ಮಡಿಸಿ, ಗೋಡೆಗೆ ಆನಿಸಿ ಕೂಡ್ರಿಸುತ್ತಾರೆ. ಕೂತೇ ಮಣ್ಣಿಗೆ ಇಳಿಯಬೇಕು. ಆಸ್ಪತ್ರೆಯವರಿಗೆ ಅದು ಗೊತ್ತಿರಲಿಲ್ಲ. ಅವರು ಕಲ್ಲಿನ ಮೇಲೆ ಉದ್ದಕ್ಕೆ ಮಲಗಿಸಿ ಇಟ್ಟಿದ್ದರು.

“ಬಿಸಿನೀರು ಹಾಕ್ರಿ,” ಎಂದರು ಅಯ್ಯನವರು. “ಕೀಲಿಗೆ ಹಾಕ್ರಿ. ತಿಕ್ಕರಿ.”

ಚಾಳಿನ ಮೊಗಸಾಲೆಯಲ್ಲಿ ದಾನಪ್ಪ ತಿಕ್ಕಿದ. ಕಂಪನಿಯ ಬಾಕ್ಸಿಂಗ್ ತಂಡದಿಂದ ಬಂದಿದ್ದ ಇಬ್ಬರು ಹುಡುಗರು ಹೆಗಲು ಹಿಡಿದಿದ್ದರು. ಕಾಲು ಮಡಚಲಿಲ್ಲ.

“ಮೊಳಕಾಲ ಮ್ಯಾಲ ಬೀಳಪಾ. ಮೈಭಾರ ಹಾಕು.”

“ಮುರೀತೈತ್ರಿ.”

“ಮುರಿಯಂಗಿಲ್ಲ. ಹಾಕು.”

ದಾನಪ್ಪ ಕಣ್ಣು ಮುಚ್ಚಿ ಬಿದ್ದ. ಒಣ ಕಟ್ಟಿಗೆ ಮುರಿದ ಸದ್ದು ಬಂತು. ಹೆಗಲು ಹಿಡಿದಿದ್ದ ಹುಡುಗರಲ್ಲಿ ಒಬ್ಬ ಎದ್ದು ಹೋಗಿ ಮೋರಿಯ ಮೇಲೆ ವಾಂತಿ ಮಾಡಿದ. ಅಯ್ಯನವರು ಇನ್ನೊಂದು ಕಾಲು ತೋರಿಸಿದರು.

ಅಂಬವ್ವ ಕಂಬದ ಪಕ್ಕ ನಿಂತು ನೋಡುತ್ತಿದ್ದಳು. ಅವಳಿಗೆ ಏನೂ ಆಗುತ್ತಿರಲಿಲ್ಲ. ಅವನ ಎಲುಬು ಮುರಿಯುವುದನ್ನು ಅವಳು ಮೊದಲೂ ಕೇಳಿದ್ದಳು. ಚಳಿಗಾಲದಲ್ಲಿ ಒಮ್ಮೆ ಅವನು ಜೋರಾಗಿ ಕೆಮ್ಮಿದ್ದಕ್ಕೆ ಪಕ್ಕೆಲುಬು ಸೀಳಿತ್ತು.

ಅಂಗಿ ಬಿಚ್ಚಿ ಜಳಕ ಮಾಡಿಸುವಾಗ ಪಕ್ಕದ ಖೋಲಿಯ ಬಸಲಿಂಗವ್ವ ಬಾಯಿಗೆ ಸೆರಗು ಹಿಡಿದಳು.

“ಇದೇನ ಯವ್ವಾ, ಬೆನ್ನ ಮ್ಯಾಲ! ಕೂಸಿನ ಮೈಮ್ಯಾಲಿನ ಕೂದಲಿದ್ದಂಗ ಅದಾವಲ್ಲ.”

ಬೆನ್ನು ತುಂಬ ನಯವಾದ, ಬಣ್ಣವಿಲ್ಲದ ರೋಮ ಬೆಳೆದಿತ್ತು. ಅದರ ಕೆಳಗೆ ಬೆನ್ನೆಲುಬಿನ ಒಂದೊಂದು ಮಣಿಯೂ ಎಣಿಸುವಂತಿತ್ತು. ಕುಂಡೆಯ ಜಾಗದಲ್ಲಿ ಮಾಂಸವಿರಲಿಲ್ಲ; ಕೂಡ್ರಿಸಿದರೆ ಎರಡು ಎಲುಬಿನ ಮೇಲೆ ದೇಹ ಹೊಯ್ದಾಡುತ್ತಿತ್ತು. ಎರಡೂ ಕಡೆ ದಿಂಬು ಇಟ್ಟು, ಎದೆಗೆ ಹಗ್ಗ ಹಾಕಿ ಕಂಬಕ್ಕೆ ಕಟ್ಟಿದರು.

“ಉಪಾಸ ಕೆಡವಿ ಕೊಂದಾರ,” ಎಂದಳು ಒಬ್ಬಳು.

“ಕೆಡವಿದಾಕಿ ಅಲ್ಲೆ ನಿಂತಾಳ ನೋಡ. ದೀಪಾವಳಿ ಆಕಳದಂಗ ಮಿಂಚಾಕತ್ತಾಳ.”

“ಬಿ.ಎ. ಕಲತಾಳಂತ.”

“ಏನ್ ಕಲತಾಳ, ಉಣ್ಣೂದು ಕಲತಾಳ.”

ಯಾರೋ ನಕ್ಕರು. ನಕ್ಕದ್ದು ತಿಳಿದು ಅಳು ಶುರು ಮಾಡಿದರು.

ಅಂಬವ್ವ ತನ್ನ ತೋಳು ನೋಡಿಕೊಂಡಳು. ಮದುವೆಯ ಕುಪ್ಪಸದ ತೋಳನ್ನು ಬಿಚ್ಚಿ ಹೊಲಿದು, ಮತ್ತೆ ಬಿಚ್ಚಿ ಹೊಲಿದಿದ್ದಳು. ಈಗಲೂ ಅಂಚು ಮಾಂಸದೊಳಗೆ ಕಚ್ಚಿಕೊಂಡಿತ್ತು.

ಶರಣವ್ವ ಮಗನ ಹಣೆಗೆ ವಿಭೂತಿ ಬಳಿದು ಹೆಂಗಸರ ಕಡೆ ತಿರುಗಿದಳು. ಅವಳ ದನಿಯಲ್ಲಿ ಅಳು ಇರಲಿಲ್ಲ.

“ಯಾರೂ ಏನೂ ಅನಬ್ಯಾಡ್ರಿ. ಆಸ್ಪತ್ರಿ ಡಾಕ್ಟರು ಸ್ವತಾ ನನ್ನ ಮುಂದ ಹೇಳ್ಯಾರ. ನಿಮ್ಮ ಮಗಗ ಕೊಬ್ಬು ಅನ್ನೂದ ಎಳ್ಳಷ್ಟೂ ಇದ್ದಿಲ್ಲವ್ವಾ, ಇಂಥಾವನ್ನ ನಾ ನೋಡೇ ಇಲ್ಲ ಅಂದ್ರು. ಅಂಥಾ ದೊಡ್ಡ ಡಾಕ್ಟರು ಹೇಳಿದ ಮಾತಿದು.”

“ಪುಣ್ಯವಂತ,” ಎಂದಳು ಬಸಲಿಂಗವ್ವ. “ಎದುರು ನಿಂತು ಮಾತಾಡಿದಾವಲ್ಲ.”

ಹೊಸದಾಗಿ ಮೆಟ್ಟಿಲು ಹತ್ತಿ ಬಂದ ಪ್ರತಿಯೊಬ್ಬರಿಗೂ ಶರಣವ್ವ ಆ ಮಾತು ಹೇಳಿದಳು. ಅಂಬವ್ವ ಪ್ರತಿ ಸಲವೂ ಕೇಳಿದಳು.

*

ಡಾಕ್ಟರು ಮೈಸೂರು ಕಡೆಯವರು. ಮೊನ್ನೆ ಆಸ್ಪತ್ರೆಯ ವರಾಂಡದಲ್ಲಿ ಬೆಂಚಿನ ಮೇಲೆ ಕೂತಿದ್ದ ಅತ್ತೆ ಸೊಸೆಯರ ಎದುರು ನಿಂತು, ಕನ್ನಡದವರೆಂದು ತಿಳಿದು ಕನ್ನಡದಲ್ಲೇ ಮಾತಾಡಿದರು.

“ನಿಮ್ಮ ಮಗನ ಮೈಯಲ್ಲಿ ಕೊಬ್ಬು ಅನ್ನೋದೇ ಇರಲಿಲ್ಲಮ್ಮ. ಎಳ್ಳಷ್ಟೂ ಇರಲಿಲ್ಲ. ಕೆಲಸಕ್ಕೆ ಹೋಗೋ ಮನುಷ್ಯನನ್ನ ಹೀಗೆ ನಾನು ನೋಡೇ ಇಲ್ಲ.”

ಶರಣವ್ವ ಎದ್ದು ಕೈಮುಗಿದಳು.

“ಹೌದ್ರೀ ಸಾಹೇಬ್ರ. ಸಣ್ಣಾಂವ ಇದ್ದಾಗಿಂದ ಹಂಗ. ನಮ್ಮ ಮನಿಯವ್ರು ಮಕ್ಕಳಿಗೆ ಕೊಬ್ಬು ಬರಾಕ ಬಿಟ್ಟವ್ರಲ್ಲ.”

ಡಾಕ್ಟರಿಗೆ ಅರ್ಥವಾಗಲಿಲ್ಲ. ಸೊಸೆಯ ಕಡೆ ನೋಡಿದರು. ಅವಳು ಓದಿದವಳೆಂದು ಅವಳ ಸಹಿಯಿಂದ ತಿಳಿದಿತ್ತು. ಮುಂದಿನದನ್ನು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದರು. ಉಣ್ಣದಿದ್ದರೆ ದೇಹ ಮೊದಲು ತನ್ನ ಕೊಬ್ಬನ್ನು ಸುಡುತ್ತದೆ. ಅದು ತೀರಿದ ಮೇಲೆ ಮಾಂಸವನ್ನು ಸುಡುತ್ತದೆ. ಹೃದಯವೂ ಮಾಂಸವೇ. ಮೇ ತಿಂಗಳಲ್ಲಿ ಚಳಿ ಅನ್ನುತ್ತಿದ್ದರೇ? ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬರುತ್ತಿತ್ತೇ? ನಾಡಿ ನಿಧಾನವಾಗಿತ್ತೇ? ಅವಳು ಎಲ್ಲಕ್ಕೂ ಹೌದು ಎಂದಳು. ಕೊನೆಗೆ ಮೈಯೊಳಗಿನ ನೀರನ್ನೂ ಬೆವರಿಳಿಸಿ ತೆಗೆದಿದ್ದಾರೆ, ಹೃದಯ ತಾಳ ತಪ್ಪಿ ನಿಂತಿದೆ, ಎಂದರು.

“ಅತ್ತೆಯವರಿಗೆ ನೀವೇ ಬಿಡಿಸಿ ಹೇಳಿ.”

“ಹೇಳ್ತೀನಿ.”

ಡಾಕ್ಟರು ಹೋದರು. ಶರಣವ್ವ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂತಿದ್ದಳು. ಮಗ ಸತ್ತನೆಂದು ತಿಳಿದ ಮೇಲೆ ಮೊದಲ ಸಲ ಅವಳು ಅಳುತ್ತಿರಲಿಲ್ಲ. ಅಂಬವ್ವ ಅವಳಿಗೆ ಬಿಡಿಸಿ ಹೇಳಲಿಲ್ಲ.

*

ಹೆಣ್ಣು ನೋಡಲು ಧಾರವಾಡಕ್ಕೆ ಬಂದಾಗ ಸಂಗಪ್ಪ ಗಲ್ಲ ತುಂಬಿದ ಹುಡುಗ. ಕಾಲೇಜಿನಲ್ಲಿ ಬಾಕ್ಸಿಂಗ್ ಕಲಿತಿದ್ದ. ಅವನ ಗುದ್ದು ನೋಡಿ ಮುಂಬೈಯ ಕಂಪನಿಯೊಂದು ಗುಮಾಸ್ತನ ಕೆಲಸ ಕೊಟ್ಟಿತ್ತು. ಕೆಲಸದ ಜೊತೆ ಖೋಲಿ. ಕಂಪನಿಯ ತಂಡದಲ್ಲಿ ಎಲ್ಲ ತೂಕಕ್ಕೂ ಜನ ಇದ್ದರು, ಎಲ್ಲಕ್ಕಿಂತ ಹಗುರವಾದ ಫ್ಲೈವೇಟಿಗೆ ಮಾತ್ರ ಇರಲಿಲ್ಲ. ಆ ಜಾಗ ಸಂಗಪ್ಪನಿಗೆ ಬಂತು. ಅವನ ಎತ್ತರಕ್ಕೆ ಆ ತೂಕ ಸಲ್ಲುವಂಥದ್ದಲ್ಲ.

“ಫ್ಲೈ ಅಂದ್ರ ನೊಣ,” ಎಂದು ಹೊಸದರಲ್ಲಿ ನಗುತ್ತಿದ್ದ. “ನೊಣದ ತೂಕದ ಗಂಡನ್ನ ಕಟಗೊಂಡಿ ನೋಡ. ಕೈ ಬೀಸಬ್ಯಾಡ, ಹಾರಿ ಹೋದೇನು.”

ಮೊದಲು ಪಂದ್ಯಕ್ಕೆ ಮುಂಚೆ ಮಾತ್ರ ಊಟ ಬಿಡುತ್ತಿದ್ದ. ಆಮೇಲೆ ಪಂದ್ಯ ಇರಲಿ ಇಲ್ಲದಿರಲಿ, ಬಿಟ್ಟೇ ಇದ್ದ. ಬೆಳಿಗ್ಗೆ ಎದ್ದವನೇ ಕನ್ನಡಿಯ ಮುಂದೆ ನಿಂತು ಹೊಟ್ಟೆಯ ತೊಗಲನ್ನು ಎರಡು ಬೆರಳಲ್ಲಿ ಹಿಂಡಿ ಎಳೆಯುತ್ತಿದ್ದ.

“ಇಲ್ಲಿ ನೋಡು. ಇನ್ನೂ ಕೊಬ್ಬೈತಿ.”

“ಅದು ಬರೇ ತೊಗಲು.”

“ನಿನಗ ತಿಳಿಯಂಗಿಲ್ಲ. ನಮ್ಮಪ್ಪಗ ತಿಳೀತಿತ್ತು.”

ಅವನ ಅಪ್ಪ ಶೆಟ್ಟೆಪ್ಪ ಅಷ್ಟರಲ್ಲಿ ಸತ್ತು ಹೋಗಿದ್ದ. ಮಗ ಎದುರು ಮಾತಾಡಿದರೆ, ಇನ್ನೊಂದು ಸಲ ತುಪ್ಪ ಕೇಳಿದರೆ, ದನದ ಕೊಟ್ಟಿಗೆಯ ತೊಲೆಗೆ ಕೈ ಕಟ್ಟಿ ಬಾರಕೋಲಿನಿಂದ ಹೊಡೆಯುತ್ತಿದ್ದ. ‘ಕೊಬ್ಬು ಬಂದೈತಿ ಮಗನಿಗೆ, ಇಳಸ್ತೀನಿ’ ಎಂದು ಒಂದೊಂದು ಏಟಿಗೂ ಹೇಳುತ್ತಿದ್ದ. ಆ ಬಾಸುಂಡೆಗಳು ಬೆನ್ನ ಮೇಲೆ ಉಳಿದಿದ್ದವು. ಇತ್ತೀಚೆಗೆ ಅವುಗಳ ಮೇಲೂ ಆ ನಯವಾದ ಕೂದಲು ಬೆಳೆದಿತ್ತು.

ಸೆಕೆಯಲ್ಲಿ ಬೆವರುವ ಲೋಕಲ್ ರೈಲಿನಲ್ಲಿ ಅವನು ಸ್ವೆಟರ್ ಹಾಕಿ ನಿಲ್ಲುತ್ತಿದ್ದ. ಜನ ನೋಡಿ ನಗುತ್ತಿದ್ದರು. ಒಮ್ಮೆ ಹಾಗೆ ನಕ್ಕವನ ಮೂಗು ಒಡೆದಿದ್ದಕ್ಕೆ ಅವನನ್ನು ಜೋಗೇಶ್ವರಿ ಸ್ಟೇಷನ್ನಿನಲ್ಲಿ ಪೊಲೀಸರು ಇಳಿಸಿಕೊಂಡಿದ್ದರು. ಹಲ್ಲು ಅಲ್ಲಾಡುತ್ತಿದ್ದವು. ಬೆರಳ ತುದಿ ನೀಲಿಯಾಗಿರುತ್ತಿತ್ತು. ಹಾಸಿಗೆಯಲ್ಲಿ ಅವಳ ಕಡೆ ಬೆನ್ನು ಮಾಡಿ, ಚಳಿಗೆ ಹಲ್ಲು ಕಡಿಯುತ್ತ ಮಲಗುತ್ತಿದ್ದ. ಊರಿಂದ ಬಂದವರು ಕೂಸಿನ ಸುದ್ದಿ ಕೇಳಿದರೆ ಅವಳ ಹೊಟ್ಟೆಯ ಕಡೆ ನೋಡಿ ಕೇಳುತ್ತಿದ್ದರು.

ಒಮ್ಮೆ ಅವಳು ಗಂಜಿಯಲ್ಲಿ ಒಂದು ಚಮಚ ತುಪ್ಪ ಕಲಸಿದಳು. ಅವನು ಬಟ್ಟಲನ್ನು ಬೆಳಕಿಗೆ ಹಿಡಿದು ಮೇಲೆ ತೇಲುವ ಮಿಂಚು ನೋಡಿದ. ಬಟ್ಟಲಿನಿಂದಲೇ ಅವಳ ತುಟಿ ಒಡೆದ.

ಭಾನುವಾರ ತಾಯಿ, ತಮ್ಮ ಹೊರಗೆ ಹೋದ ಮೇಲೆ ಅಡುಗೆ ಅವನದು. ಬೈಕುಲ್ಲಾ ಮಾರ್ಕೆಟ್ಟಿನಿಂದ ಬೆಣ್ಣೆ, ಬೆಲ್ಲ, ಮಾವಿನಹಣ್ಣು ಹೊತ್ತು ತರುತ್ತಿದ್ದ. ಬೆಣ್ಣೆ ಕಾಯಿಸುತ್ತಿದ್ದ. ಹೂರಣ ತಾನೇ ರುಬ್ಬುತ್ತಿದ್ದ. ನಾಲಗೆಗೆ ಒಂದು ಕಣ ತಾಗಿಸುತ್ತಿರಲಿಲ್ಲ. ಹೋಳಿಗೆಯ ಮೇಲೆ ತುಪ್ಪ ಸುರಿದು ಅವಳೆದುರು ಇಟ್ಟು ಕುಕ್ಕರಗಾಲಲ್ಲಿ ಕೂಡುತ್ತಿದ್ದ.

“ತಿನ್ನು. ನಾ ನೋಡ್ತೀನಿ.”

ಅವಳು ತಿನ್ನುತ್ತಿದ್ದಳು. ಅವನ ಗಂಟಲಗುಬ್ಬಿ ಏರಿ ಇಳಿಯುತ್ತಿತ್ತು.

“ಹೆಂಗೈತಿ?”

“ಚಲೋ ಐತಿ.”

“ಹಂಗಲ್ಲ. ಸಿಹಿ ಮೊದಲ ಎಲ್ಲಿ ಹತ್ತತೈತಿ? ನಾಲಿಗಿ ತುದಿಗ್ಯೋ, ಒಳಗೋ? ಸರಿಯಾಗಿ ಹೇಳು.”

ಸಾಕು ಎಂದರೆ ದವಡೆ ಹಿಡಿಯುತ್ತಿದ್ದ. ಆ ಬೆರಳುಗಳಲ್ಲಿ ಎಲುಬು ಮಾತ್ರ ಇತ್ತು. ಹಲ್ಲುಗಳ ನಡುವೆ ಹೋಳಿಗೆ ತುರುಕಿ ಅಂಗೈಯಿಂದ ಬಾಯಿ ಮುಚ್ಚುತ್ತಿದ್ದ. ಒಂದು ಭಾನುವಾರ ಅವಳು ಎಲ್ಲವನ್ನೂ ಕಾರಿಕೊಂಡಳು. ಅವನು ಸೌಟಿನಿಂದ ಅವಳ ಬೆನ್ನಿಗೆ ಹೊಡೆದ, ಸೌಟಿನ ಹಿಡಿ ಕಳಚುವ ತನಕ ಹೊಡೆದ. ಆಮೇಲೆ ನೆಲದ ಮೇಲಿನದರ ಮುಂದೆ ಕೂತು ಅತ್ತ.

“ನನ್ನ ಪಾಲಿಂದು ಅದು,” ಎಂದ. “ನನ್ನ ಪಾಲಿಂದು ಹೊರಗ ಹಾಕಿದೆಲ್ಲ.”

*

ಕಂಪನಿಯ ಕ್ರೀಡಾ ಅಧಿಕಾರಿ ಜಯಸಿಂಹ ನಿನ್ನೆ ಮಧ್ಯಾಹ್ನ ಹೂವಿನ ಚಕ್ರ ಹಿಡಿದು ಬಂದರು. ಬೆಂಗಳೂರಿನವರು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ಸ್ಮಶಾನಕ್ಕೆ ಒಯ್ಯಲು ಕಂಪನಿಯ ಲಾರಿ ಕೊಡಿಸಿದ್ದೂ ಅವರೇ. ಹೂವಿನ ಚಕ್ರವನ್ನು ಹೆಣದ ಕೊರಳಿಗೆ ಹಾಕಲು ನೋಡಿದರು. ಅದು ಜಾರಿ ಹೊಟ್ಟೆಯ ಮೇಲೆ ಬಿತ್ತು.

ದಾನಪ್ಪ ಅವರ ಕಾಲರು ಹಿಡಿದ.

“ನಮ್ಮಣ್ಣನ್ನ ಯಾರು ಹೊಡದ್ರು? ಹೆಸರು ಹೇಳು.”

“ಯಾರೂ ಹೊಡೀಲಿಲ್ಲಪ್ಪ. ಅವನು ರಿಂಗ್ ತನಕ ಹೋಗ್ಲೇ ಇಲ್ಲ.”

“ಸುಳ್ಳು!”

“ಕೈ ಬಿಡು, ಹೇಳ್ತೀನಿ. ತೂಕಕ್ಕೆ ಬಂದ. ಬಟ್ಟೆ ಹಾಕ್ಕೊಂಡು ನಿಂತ, ಮುಳ್ಳು ಸ್ವಲ್ಪ ಮೇಲಿತ್ತು. ಬಟ್ಟೆ ಬಿಚ್ಚಿದ, ಆಗ್ಲೂ ಮೇಲಿತ್ತು. ಕೂದಲು ತೆಗೀರಿ ಅಂದ. ಅಲ್ಲೇ ಬೋಳಿಸಿದ್ವಿ. ಮತ್ತೆ ನಿಂತ. ಸರಿಹೋಯ್ತು. ಎಲ್ಲರೂ ಚಪ್ಪಾಳೆ ಹೊಡೆದ್ವಿ. ಅವನೂ ನಕ್ಕ. ತಕ್ಕಡಿಯಿಂದ ಕೆಳಗೆ ಒಂದು ಕಾಲಿಟ್ಟ, ಅಷ್ಟೇ.”

ದಾನಪ್ಪ ಹೊಡೆದ. ಎಡಗೈ ಕೆಳಗಿನಿಂದ ಎದ್ದು ಜಯಸಿಂಹರ ಬಾಯಿಗೆ ಬಡಿಯಿತು. ಅವರು ಗೋಡೆಗೆ ಹೋಗಿ ಬಿದ್ದರು. ಬಿಳಿ ಅಂಗಿಯ ಮೇಲೆ ರಕ್ತ ಸುರಿಯಿತು. ಹೆಂಗಸರು ಕಿರುಚಿದರು. ತಂಡದ ಹುಡುಗರು ದಾನಪ್ಪನನ್ನು ಹಿಡಿದರು. ಅವನು ಒದ್ದ ಒದೆಗೆ ನೀರಿನ ಕೊಪ್ಪರಿಗೆ ಉರುಳಿತು.

ಜಯಸಿಂಹರು ಕರವಸ್ತ್ರದಿಂದ ಬಾಯಿ ಒತ್ತಿಕೊಂಡು ಎದ್ದರು. ದಾನಪ್ಪನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ.

“ಒಳ್ಳೇ ಎಡಗೈ,” ಎಂದರು. “ಎಲ್ಲಿ ಕಲಿತೆ?”

“ಎಲ್ಲೂ ಇಲ್ಲ.”

“ಅಣ್ಣನಿಗಿಂತ ಕೈ ಉದ್ದ ಇದೆ. ಮೈಯಲ್ಲಿ ಸ್ವಲ್ಪ ಕೊಬ್ಬು. ಇಳಿಸಬಹುದು.”

ಅವರು ಆಮೇಲೆ ಶರಣವ್ವನ ಎದುರು ಕೂತು ಮೆಲ್ಲಗೆ ಮಾತಾಡಿದರು. ನೌಕರಿ, ಖೋಲಿ, ಶನಿವಾರ ಎಂಬ ಮಾತುಗಳು ಅಂಬವ್ವನಿಗೂ ಕೇಳಿಸಿದ್ದವು. ಲಾರಿ ಹೊರಡುವ ಗದ್ದಲದಲ್ಲಿ ಅವು ಅವಳ ತಲೆಗೆ ಹೋಗಿರಲಿಲ್ಲ. ಕೂತ ಹೆಣವನ್ನು ನಾಲ್ವರು ಎತ್ತಿದರು. ಭಾರಕ್ಕೆಂದು ತಯಾರಾಗಿದ್ದ ತೋಳುಗಳು ಒಮ್ಮೆಲೇ ಮೇಲೆ ಹಾರಿ, ಹೆಣದ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು.

“ಮೆಲ್ಲಕ! ಮೆಲ್ಲಕ!” ಎಂದರು ಅಯ್ಯನವರು.

ಲಾರಿ ಶುರುವಾದಾಗ ಬಸಲಿಂಗವ್ವ ಮತ್ತು ಇನ್ನೊಬ್ಬಳು ಅಂಬವ್ವನ ಕೈಗಳನ್ನು ಹೊಸ್ತಿಲ ಮೇಲೆ ಇಟ್ಟು ಹಿಡಿದರು. ಬಳೆಗಳು ದುಂಡು ಕೈಗಳಲ್ಲಿ ಹೂತಿದ್ದವು, ತೆಗೆಯಲು ಬರಲಿಲ್ಲ. ಶರಣವ್ವ ಗುಂಡಕಲ್ಲು ತಂದು ಒಡೆದಳು. ಗಾಜು ಒಳಗೆ ಹೋಯಿತು.

“ಕೊಬ್ಬು ನೋಡ ಇಕಿದು,” ಎಂದಳು ಶರಣವ್ವ. “ಕಣ್ಣಾಗ ಒಂದು ಹನಿ ನೀರು ಬರವಲ್ಲದು.”

*

ಸ್ಟೋವ್ ಆರಿಸಿ ಅಂಬವ್ವ ಎದ್ದಳು. ದಾನಪ್ಪ ಬೂಟಿನ ದಾರ ಬಿಗಿದು, ಬಾಗಿಲ ಹಿಂದಿನ ಮೊಳೆಯಿಂದ ಕಪ್ಪು ರಬ್ಬರಿನ ರೇನ್‌ಕೋಟು ತೆಗೆದು ಹೆಗಲಿಗೆ ಹಾಕಿದ್ದ. ಅದು ಕೆಳಗಿನ ಖೋಲಿಯ ದೂಜನದು. ದೂಜ ಮಂಗಳೂರಿನ ಕ್ರಿಸ್ತುವರವನು, ಬಂದರಿನಲ್ಲಿ ಮೂಟೆ ಇಳಿಸುತ್ತಿದ್ದ. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಸಂಗಪ್ಪ ಅವನಿಂದ ಎರವಲು ತಂದಿದ್ದ. ಬಿಸಿಲು ಏರಿದ ಮೇಲೆ ಅದನ್ನು ಹಾಕಿಕೊಂಡು, ಕೊರಳ ತನಕ ಗುಂಡಿ ಬಿಗಿದು, ಮೈದಾನದ ಸುತ್ತ ಓಡುತ್ತಿದ್ದ. ಬೆವರಿಳಿಸಲು.

“ಅದನ್ನ ಇಲ್ಲಿ ಕೊಡು.”

“ಓಡಾಕ ಬೇಕು ವೈನಿ. ಮೈದಾನಕ್ಕ ಹೋಗಿ ಹಾಕ್ಕೋತೀನಿ. ಇಲ್ಲಿ ಹಾಕ್ಕೊಂಡ್ರ ಹುಡುಗೋರು ನಗ್ತಾರ.”

ಅಂಬವ್ವ ಬಾಗಿಲಿಗೆ ಅಡ್ಡ ನಿಂತಳು. ಕೋಟಿನ ತುದಿ ಹಿಡಿದು ಎಳೆದಳು. ಅವನು ಬಿಡಲಿಲ್ಲ. ಅವಳು ಎರಡೂ ಕೈ ಹಾಕಿ ಜಗ್ಗಿದಳು. ದಾನಪ್ಪ ಮುಗ್ಗರಿಸಿ ಅವಳ ಮೇಲೆ ಬಂದ. ಅವಳು ಅವನ ಎದೆಗೆ ಗುದ್ದಿದಳು. ಯಾರನ್ನೂ ಅವಳು ಹಿಂದೆ ಹೊಡೆದಿರಲಿಲ್ಲ. ಮುಷ್ಟಿ ಕಟ್ಟುವಾಗ ಹೆಬ್ಬೆರಳು ಒಳಗೆ ಸಿಕ್ಕಿ ನೊಂದಿತು. ಮತ್ತೆ ಗುದ್ದಿದಳು.

“ಏನ ಹಡಬೆ ಹೆಂಗಸವ್ವ ನೀ!” ಶರಣವ್ವ ಹಿಂದಿನಿಂದ ಅವಳ ತುರುಬು ಹಿಡಿದಳು. “ಬಿಡು ಅವನ್ನ. ಹೋಗಲಿ. ಅಣ್ಣನಂಗ ಹೆಸರು ತರ್ತಾನ. ಡಾಕ್ಟರಂಥಾ ಡಾಕ್ಟರು ಹೊಗಳಿ ಕಳಿಸ್ಯಾರ ಅವನ್ನ.”

“ಡಾಕ್ಟರು ಹೊಗಳಲಿಲ್ಲ ಅತ್ತಿ.”

“ಏನಂದಿ?”

“ಹೊಗಳಲಿಲ್ಲ. ಕೊಬ್ಬು ಅಂದ್ರ ಸೊಕ್ಕು ಅಂತ ಅಲ್ಲ ಅವರು ಹೇಳಿದ್ದು. ನೆಣ. ಮೈಯಾಗಿನ ನೆಣ. ಅದು ಇರಲಿಲ್ಲ ಅಂದ್ರು. ಅದು ಇಲ್ಲದ್ದಕ್ಕ ಸತ್ರು ಅಂದ್ರು.”

ಶರಣವ್ವ ಅವಳ ಕೆನ್ನೆಗೆ ಹೊಡೆದಳು. ಅಂಬವ್ವ ಕೋಟು ಬಿಡಲಿಲ್ಲ.

“ದೀಪದಾಗ ಎಣ್ಣಿ ತೀರಿದ ಮ್ಯಾಲ ಬತ್ತಿ ಸುಡತೈತೆಲ್ಲ ಅತ್ತಿ, ಹಂಗ. ನೆಣ ತೀರಿದ ಮ್ಯಾಲ ಮಾಂಸ ಸುಟ್ಟೈತಿ. ಎದಿ ಸುಟ್ಟೈತಿ.”

“ಸುಳ್ಳು ಹೇಳ್ತಿ. ನೀ ತಿಂದಿದ್ದು ಮುಚ್ಚಾಕ ಸುಳ್ಳು ಹೇಳ್ತಿ.”

“ತಿಂದಿದ್ದು ಖರೆ. ಅವರ ಪಾಲು ನಾನ ತಿಂದೀನಿ. ಅವರ ಬಾಯಾಗ ಹಾಕಿ ತಿನಿಸ್ಯಾರ. ಉಗುಳಿದ್ರ ಹೊಡದಾರ.” ಅವಳು ಕುಪ್ಪಸದ ಹಿಂದಿನ ಅಂಚನ್ನು ಕೆಳಗೆ ಜಗ್ಗಿ ಬೆನ್ನು ತೋರಿಸಿದಳು. ಸೌಟಿನ ಗುರುತುಗಳು ಸಾಲಾಗಿದ್ದವು.

ದಾನಪ್ಪ ಮುಖ ಆ ಕಡೆ ತಿರುಗಿಸಿದ. ಶರಣವ್ವ ತಿರುಗಿಸಲಿಲ್ಲ. ಅಂಥ ಗುರುತುಗಳು ಅವಳು ಕಾಣದವಲ್ಲ. ಬಹಳ ಹೊತ್ತು ನೋಡಿದಳು. ತುರುಬು ಹಿಡಿದಿದ್ದ ಕೈ ಸಡಿಲವಾಯಿತು.

“ಹಂಗಾದ್ರ,” ಎಂದಳು. “ಹಂಗಾದ್ರ ಕೊಬ್ಬು ಬೇಕಾಗಿತ್ತೇನು ಅವಗ?”

“ಬೇಕಾಗಿತ್ತು ಅತ್ತಿ.”

“ನಾ ಎಲ್ಲಾರ ಮುಂದ ಹೇಳಿದ್ನೆಲ್ಲ.”

ಅಂಬವ್ವ ಕುಪ್ಪಸದ ಅಂಚನ್ನು ಮೇಲಕ್ಕೆ ಎಳೆದುಕೊಂಡಳು.

“ಮೆಟ್ಟಿಲ ಹತ್ತಿ ಬಂದವರಿಗೆಲ್ಲ ಹೇಳಿದ್ನೆಲ್ಲ!”

ಶರಣವ್ವ ದಾನಪ್ಪನ ಮೇಲೆ ಬಿದ್ದಳು. ಅವನ ತೋಳು ಹಿಡಿದು ಬೆರಳುಗಳಿಂದ ಹಿಂಡಿ ನೋಡಿದಳು, ಕುತ್ತಿಗೆ ಹಿಂಡಿದಳು, ಹೊಟ್ಟೆ ಹಿಂಡಿದಳು. ಆಮೇಲೆ ಎರಡೂ ಮುಷ್ಟಿಯಿಂದ ತಲೆ ಬೆನ್ನೆನ್ನದೆ ಬಡಿಯತೊಡಗಿದಳು. ಅವನು “ಯವ್ವಾ, ಯವ್ವಾ” ಎನ್ನುತ್ತ ಗೋಡೆಗೆ ಕುಸಿದ. ಗೋಡೆಯ ಬುಡದಲ್ಲಿ ಬಿದ್ದಿದ್ದ ರೊಟ್ಟಿ ಅವಳ ಕೈಗೆ ಸಿಕ್ಕಿತು. ಅದನ್ನು ಮುರಿದು ಮಗನ ಬಾಯಿಗೆ ತುರುಕಿದಳು.

“ತಿನ್ನು. ತಿನ್ನು ಭಾಡ್ಯಾ. ನನ್ನ ಮುಂದ ತಿನ್ನು.”

ದಾನಪ್ಪ ಅಗಿದ. ಕಣ್ಣೀರು ಸುರಿಯುತ್ತಿತ್ತು. ಕೈಯಿಂದ ಬೂಟಿನ ದಾರ ಬಿಚ್ಚುತ್ತಿದ್ದ. ಶರಣವ್ವ ಇನ್ನೊಂದು ತುಂಡು ಮುರಿದಳು.

ಅಂಬವ್ವನಿಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಮೆಟ್ಟಿಲು ಇಳಿದಳು.

*

ಹೊರಗೆ ಮಳೆ ಶುರುವಾಗಿತ್ತು. ಈ ವರ್ಷದ ಮೊದಲ ಮಳೆ. ಅಂಗಳದಲ್ಲಿ ಹುಡುಗರು ಕೂಗುತ್ತಿದ್ದರು. ದೂಜ ತನ್ನ ಬಾಗಿಲಲ್ಲಿ, ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು, ಕೆಲಸಕ್ಕೆ ಹೊರಟು ನಿಂತಿದ್ದ. ದೊಡ್ಡ ಆಳು. ಅವಳನ್ನು ನೋಡಿ ಗೋಣಿಚೀಲ ತೆಗೆದ.

“ನೀವ್ಯಾಕೆ ತರ್ಲಿಕ್ಕೆ ಹೋದ್ರಿ ಅಕ್ಕ? ನಾನೇನು ಕೇಳಿದ್ನಾ?”

“ಮಳಿ ಬಂತು.”

“ಮಳೆ ಬರ್ತದೆ ಬಿಡಿ. ಗೋಣಿ ಉಂಟಲ್ಲ.” ಕೋಟು ತೆಗೆದುಕೊಂಡ. ಅದನ್ನು ಕೊಡವಿದ. “ನಿನ್ನೆ ಮಣ್ಣಿಗೆ ಬಂದಿದ್ದೆ ನಾನು. ಎಂತ ಹಗುರ ಮಾರಾಯ್ರೆ ಅವರು. ನಾನು ಹಿಡಿದ ಬದಿ ಮೇಲೆ ಹೋಯ್ತು. ತಲೆ ತಾಗಿತು. ನನ್ನಿಂದ.”

“ಅವರಿಗೆ ನೋಯ್ಲಿಲ್ಲ.”

“ಅದು ಹೌದು,” ಎಂದ ದೂಜ.

ಅವನು ಕೋಟು ಹಾಕಿಕೊಳ್ಳತೊಡಗಿದ. ಒಂದು ತೋಳು ಒಳಗೆ ಹೋಯಿತು. ತುದಿಯಲ್ಲಿ ನಿಂತಿತು. ಮುಷ್ಟಿ ಒಳಗಿನಿಂದ ತಳ್ಳಿತು. ರಬ್ಬರು ಉಬ್ಬಿತು. ಕೈ ಹೊರಗೆ ಬರಲಿಲ್ಲ.

“ಇದೆಂತದು? ತೋಳಿನ ಬಾಯಿ ಹೊಲಿದಿದ್ದಾರಲ್ಲ.”

ಅಂಬವ್ವ ಬಗ್ಗಿ ನೋಡಿದಳು. ಒಳಗಿನ ಬಿಸಿ ಹೊರಗೆ ಹೋಗದಂತೆ ಸಂಗಪ್ಪ ತೋಳಿನ ತುದಿಯನ್ನು ಗೋಣಿ ಹೊಲಿಯುವ ದಾರದಿಂದ ಸುತ್ತ ಹೊಲಿದು ಕಿರಿದು ಮಾಡಿದ್ದ. ತನ್ನ ಮಣಿಕಟ್ಟಿಗೆ ಸರಿಯಾಗಿ. ಉಳಿದಿದ್ದ ಕಿಂಡಿಯಲ್ಲಿ ದೂಜನ ಎರಡು ಬೆರಳು ಮಾತ್ರ ಇಣುಕುತ್ತಿದ್ದವು.

“ಮೇಲೆ ಕತ್ತರಿ ಉಂಟಾ ಅಕ್ಕ?”

ಮೇಲಿನಿಂದ ಶರಣವ್ವನ ದನಿ ಕೇಳಿಸುತ್ತಿತ್ತು. ಅಂಬವ್ವ ಆ ತೋಳನ್ನು, ಒಳಗೆ ಸಿಕ್ಕಿಕೊಂಡಿದ್ದ ಕೈಯ ಸಮೇತ, ಎತ್ತಿ ಬಾಯಿಯ ಹತ್ತಿರ ತಂದಳು. ಹೊಲಿಗೆಗೆ ಹಲ್ಲು ಹಾಕಿದಳು.

ದಾರ ಉಪ್ಪಗಿತ್ತು.